ಬಲೆಗೆ ಬಿದ್ದ ಬಿಸಿನೀರು

ಹೊನ್ನಾವರದ ಪಕ್ಕದ ಕಾಸರಕೋಡಿನ ಸುಧಾಕರನ ಕೈಗಳಿವೆಯಲ್ಲ, ಅವು ಸಾಮಾನ್ಯ ಕೈಗಳಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು, ಒಳಗೆ ಯಾವ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಾನೆ. ಕಿವಿಯೂ ಹಾಗೆಯೇ. ನಳ ತಿರುಗಿಸಿದ ಸದ್ದು ಕೇಳಿಯೇ ಮಾಳಿಗೆಯ ಟಾಕಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಕೊಡುತ್ತಾನೆ. ಮೂಗಿನ ವಿಷಯ ಬಂದಾಗ ಮಾತ್ರ ದೇವರು ಸ್ವಲ್ಪ ಜಿಪುಣತನ ಮಾಡಿದ. ಹಾಗಂತ ಕಾಯಿಲೆ ಎಂತದೂ ಇಲ್ಲ. ಮಲ್ಲಿಗೆ ವಾಸನೆ ಬರುತ್ತದೆ, ಚಾದ ವಾಸನೆ ಬರುತ್ತದೆ, ಪಕ್ಕದ ಮನೆಯಲ್ಲಿ ಅನ್ನ ಸೀದರೆ ಇವನೇ ಮೊದಲು ಕೂಗುತ್ತಾನೆ. ಮೀನಿನ ವಾಸನೆಯೊಂದು ಬರುವುದಿಲ್ಲ. ಬರುವುದಾದರೂ ಹೇಗೆ? ಹುಟ್ಟಿದ್ದು ಬಲೆಯ ರಾಶಿಯ ಪಕ್ಕ, ತೂಗಿದ್ದು ಬಲೆಯ ಹಗ್ಗದ ತೊಟ್ಟಿಲಲ್ಲಿ. ಅವನ ಮೂಗಿಗೆ ಅದು ವಾಸನೆಯೇ ಅಲ್ಲ, ಬರೀ ಗಾಳಿ.

ಹರೆಯದಲ್ಲಿ ಏಳು ವರ್ಷ ಬೋಟಿನಲ್ಲಿ ದುಡಿದ. ಅವನ ಪಾಲಿಗೆ ಬಂದದ್ದು ಐಸಿನ ಕೆಲಸ. ಬೋಟಿನ ಹೊಟ್ಟೆಯೊಳಗೆ ಐಸು ತುಂಬುವ ಕೋಣೆ ಇರುತ್ತದಲ್ಲ, ಅದರ ಗೋಡೆಗೆ ಥರ್ಮಾಕೋಲು ಕೂರಿಸುವುದು, ಸಂದುಗೊಂದು ಮುಚ್ಚುವುದು, ಹತ್ತು ದಿನ ಕಡಲಲ್ಲಿ ತಿರುಗಿದರೂ ಐಸು ಐಸಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು. ಬೇರೆ ಬೋಟಿನಲ್ಲಿ ಆರನೇ ದಿನಕ್ಕೆ ಐಸೆಲ್ಲ ನೀರು. ಸುಧಾಕರನ ಬೋಟಿನಲ್ಲಿ ಹತ್ತನೇ ದಿನವೂ ಬಂಗುಡೆಯ ಕಣ್ಣು ಫಳಫಳ. ಅದಕ್ಕೇ ಬಂದರಿನಲ್ಲಿ ಅವನಿಗೆ ಐಸ್ ಸುಧಾಕರ ಎಂದೇ ಹೆಸರು. ಆಮೇಲೆ ಒಂದು ಮಳೆಗಾಲ ಬೋಟಿನ ಯಜಮಾನನ ಮನೆಯ ನಳ ರಿಪೇರಿ ಮಾಡಿಕೊಟ್ಟ. ಯಜಮಾನನ ಅಕ್ಕ ಕರೆದಳು, ಅಕ್ಕನ ಪಕ್ಕದ ಮನೆಯವರು ಕರೆದರು. ಹೀಗೆ ಕರೆಸಿಕೊಳ್ಳುತ್ತಾ ಕರೆಸಿಕೊಳ್ಳುತ್ತಾ ದಡದಲ್ಲೇ ಉಳಿದುಬಿಟ್ಟ. ಈಗ ಹೊನ್ನಾವರದಿಂದ ಮಾವಳ್ಳಿಯವರೆಗೆ ಯಾರ ಮನೆಯಲ್ಲಿ ನಳ ತೊಟ್ಟಿಕ್ಕಿದರೂ ಫೋನು ಬರುವುದು ಅವನಿಗೇ.

ಆದರೆ ಅದೆಲ್ಲ ತಣ್ಣೀರು.

ಬಿಸಿನೀರಿನ ಪೈಪಿನ ಕೆಲಸಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅದಕ್ಕೆ ಬಣ್ಣದ ಅಂಗಿ, ಎದೆಯ ಮೇಲೆ ಸೂರ್ಯನ ಚಿತ್ರ ಇರುವ ಸೋಲಾರ್ ಕಂಪನಿಯ ಹುಡುಗರು ಕುಮಟೆ ಕಡೆಯಿಂದ ವ್ಯಾನಿನಲ್ಲಿ ಬರುತ್ತಿದ್ದರು. "ಐಸ್ ಸುಧಾಕರಂಗೆ ಬಿಸಿನೀರು ಕೊಟ್ರೆ ಅದೂ ಐಸಾಗೂದು" ಎಂದು ಪೇಟೆಯ ಹಾರ್ಡ್‌ವೇರ್ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಸುಧಾಕರ ನಗುತ್ತಿದ್ದ. ನಕ್ಕು ಹೊರಗೆ ಬಂದವನು ಸ್ಕೂಟರಿಗೆ ಬೇಕಾದ್ದಕ್ಕಿಂತ ಜೋರಾಗಿ ಕಿಕ್ ಹೊಡೆಯುತ್ತಿದ್ದ. ಒಂದೇ ಒಂದು ಬಿಸಿನೀರಿನ ಕೆಲಸ ಸಿಗಲಿ, ತೋರಿಸುತ್ತೇನೆ ಎಂದು ಮೂರು ವರ್ಷದಿಂದ ಕಾಯುತ್ತಿದ್ದ.

ಸಿಕ್ಕಿತು. ಡಿಸೆಂಬರಿನ ಒಂದು ಸೋಮವಾರ ನಾಗಪತಿ ಹೆಗಡೆಯವರ ಮನೆಯಿಂದ ಫೋನು ಬಂತು.

ನಾಗಪತಿ ಹೆಗಡೆಯವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾದವರು. ಹೊನ್ನಾವರ ಪೇಟೆ ದಾಟಿ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿದ್ದರು. ಮನೆಗೆ ಸೋಲಾರೂ ಹಾಕಿಸಿದ್ದರು. ಹಾಕಿಸಬೇಕು ಎಂದು ಪಟ್ಟು ಹಿಡಿದವರು ಅವರ ಹೆಂಡತಿ ಪರಮೇಶ್ವರಿ. ಮೂವತ್ತೆಂಟು ವರ್ಷ ಬಚ್ಚಲ ಒಲೆಗೆ ತೆಂಗಿನ ಸೋಗೆ, ಮಡ್ಲು ತುರುಕಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಹಂಡೆ ನೀರು ಕಾಸಿದವರು ಅವರು. ಆ ನೀರನ್ನು ಎರಡು ತಂಬಿಗೆ ಜಾಸ್ತಿಯೇ ಹೊಯ್ದುಕೊಂಡು "ಹಂಡೆ ನೀರಿನ ಸುಖವೇ ಬೇರೆ" ಎಂದವರು ಹೆಗಡೆಯವರು.

ಸುಧಾಕರ ಅಂಗಳಕ್ಕೆ ಬಂದಾಗ ಗಂಡಹೆಂಡತಿ ಅದನ್ನೇ ಚರ್ಚಿಸುತ್ತಿದ್ದರು.

"ಅಪ್ಪಯ್ಯ ಎಂಬತ್ತೆಂಟು ವರ್ಷ ಹಂಡೆ ನೀರೇ ಮಿಂದಿದ್ದ. ಒಂದ್ ದಿನ ನೆಗಡಿ ಆಯ್ದಿಲ್ಲೆ" ಎಂದರು ಹೆಗಡೆಯವರು.

"ಮಾವಯ್ಯಂಗೆ ನೆಗಡಿ ಆಯ್ದಿಲ್ಲೆ, ಹೌದು. ಒಲೆ ಊದಿ ಊದಿ ನಂಗೆ ಕೆಮ್ಮು ಹಿಡತ್ತು. ಅದನ್ನ ನಿಮ್ಮ ಬ್ಯಾಂಕು ಯಾವತ್ತೂ ಬರ್ಕಂಡಿದ್ದಿಲ್ಲೆ."

ಸಮಸ್ಯೆ ಏನೆಂದರೆ, ಸೋಲಾರಿನ ನೀರು ಮಾಳಿಗೆಯ ಮೇಲೆ ಬಿಸಿಯಾಗಿಯೇ ಇರುತ್ತಿತ್ತು. ಬಚ್ಚಲಿಗೆ ಬರುವಷ್ಟರಲ್ಲಿ ಅದಕ್ಕೆ ಎಂತದೋ ವೈರಾಗ್ಯ. ಬೆಳಿಗ್ಗೆ ಎರಡು ಬಕೆಟ್ ತಣ್ಣೀರು ಹರಿದು ಹೋದ ಮೇಲೆ ಉಗುರು ಬೆಚ್ಚಗೆ ಶುರು. ಹೆಗಡೆಯವರು ದಿನಾ ಬಚ್ಚಲಲ್ಲಿ ಪಂಚೆ ಸುತ್ತಿಕೊಂಡು ನಿಂತು ಎಣಿಸುತ್ತಿದ್ದರು. ನೋಟು ಎಣಿಸಿದ ಅಭ್ಯಾಸ. ನಿನ್ನೆ ನೂರಾ ಎಂಬತ್ತರ ತನಕ ಎಣಿಸಿ, ಸೀನಿ, ಮತ್ತೆ ಒಂದರಿಂದ ಎಣಿಸಿದ್ದರಂತೆ.

"ನೋಡು ಸುಧಾಕರ" ಎಂದರು. "ಕಂಪನಿಯವ್ರು ಫೋನೇ ಎತ್ತುದಿಲ್ಲ. ಗುರುವಾರ ಅಪ್ಪಯ್ಯನ ಶ್ರಾದ್ಧ. ಹನ್ನೊಂದು ಜನ ಮೀಯೂದದೆ. ನಳ ತಿರುಗ್ಸಿ ನಾ ಇಪ್ಪತ್ತು ಎಣ್ಸೂದ್ರೊಳಗೆ ಬಿಸಿನೀರು ಬರ್ಬೇಕು. ಬರ್ಲಿಲ್ಲ ಅಂದ್ರೆ ಶುಕ್ರವಾರ ಹಂಡೆ ವಾಪಸ್ಸು, ಸೋಲಾರು ಗುಜರಿಗೆ."

"ಬತ್ತದೆ ಹೆಗಡೇರೆ."

"ಎಷ್ಟರೊಳಗೆ?"

"ನೀವು ಹದ್ನೈದು ಎಣ್ಸೂದ್ರೊಳಗೆ."

ಹೇಳಿಯಾದ ಮೇಲೆ ಸುಧಾಕರನಿಗೇ ಗಾಬರಿಯಾಯಿತು. ಅಲ್ಲೇ ಜಗಲಿಯಲ್ಲಿ ಹೆಗಡೆಯವರ ತಮ್ಮನ ಮಗ ವಿನಾಯಕ ಕೂತು ಅವಲಕ್ಕಿ ತಿನ್ನುತ್ತಿದ್ದ. ವಿನಾಯಕ ಅಪ್ಸರಕೊಂಡದ ಹತ್ತಿರ ಪ್ರವಾಸಿಗರಿಗೆಂದು ಹನ್ನೆರಡು ಕೋಣೆಗಳ ರೆಸಾರ್ಟು ಕಟ್ಟಿಸುತ್ತಿದ್ದ. ಅವನು ತಟ್ಟೆಯಿಂದ ತಲೆಯೆತ್ತಿ, "ದೊಡ್ಡಪ್ಪನ ಮನೇಲಿ ನೀರು ಬಂದ್ರೆ ನನ್ನ ಹನ್ನೆರಡೂ ಕೋಣೆ ನಿಂಗೇ. ಬರ್ಲಿಲ್ಲ ಅಂದ್ರೆ ಕುಮಟೆಯವ್ರಿಗೆ ಹೇಳ್ತೆ" ಎಂದ.

ಹನ್ನೆರಡು ಕೋಣೆ! ಹನ್ನೆರಡು ಬಚ್ಚಲು! ಎಲ್ಲಾ ಬಿಸಿನೀರು! ಸುಧಾಕರನ ಕಿವಿಯಲ್ಲಿ ಹನ್ನೆರಡು ನಳಗಳು ಒಟ್ಟಿಗೇ ಸುರಿದವು. ಪರಮೇಶ್ವರಿಯವರು ಅವನನ್ನು ಮೆಟ್ಟಿಲ ತನಕ ಕಳಿಸಿಕೊಡುವ ನೆಪದಲ್ಲಿ ಹಿಂದೆಯೇ ಬಂದು, ಮೆಲ್ಲಗೆ, "ಹೇಂಗಾದ್ರೂ ಮಾಡು ಮಾರಾಯಾ. ಆ ಒಲೆ ಮುಂದೆ ನನ್ನ ಮತ್ತೆ ಕೂರ್ಸಡ" ಎಂದರು.

ಮಾಳಿಗೆ ಹತ್ತಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ತೆಂಗಿನ ಮರದ ನೆರಳು ತಪ್ಪಿಸಲು ಸೋಲಾರಿನ ಟಾಕಿಯನ್ನು ಮಾಳಿಗೆಯ ಒಂದು ತುದಿಗೆ ಕೂರಿಸಿದ್ದರು. ಬಚ್ಚಲು ಇನ್ನೊಂದು ತುದಿಗೆ. ಕಂಪನಿಯ ಹುಡುಗರು ಪೈಪನ್ನು ಗೋಡೆ ಅಂಚಿನಲ್ಲೇ ಮನೆಗೆ ಪ್ರದಕ್ಷಿಣೆ ಹಾಕಿಸಿ ತಂದಿದ್ದರು. ಎಪ್ಪತ್ತು ಅಡಿ. ಅದೂ ಒಂದಿಂಚಿನ ದಪ್ಪ ಪೈಪು. ಮೈಮೇಲೆ ಒಂದು ತುಂಡು ಬಟ್ಟೆಯೂ ಇಲ್ಲ.

"ಹೊಟ್ಟೆ ದೊಡ್ಡದು, ಮೈ ಬತ್ತಲೆ" ಎಂದು ಸುಧಾಕರ ಪೈಪಿನ ಬೆನ್ನು ತಟ್ಟಿದ. "ಚಳಿ ಆಗ್ದೆ ಎಂತ ಆಗ್ತದೆ ನಿಂಗೆ?"

ಅವನ ಲೆಕ್ಕ ಸರಳ. ಪೈಪಿನ ಹೊಟ್ಟೆ ದೊಡ್ಡದಾದಷ್ಟೂ ಒಳಗೆ ನಿಂತು ತಣಿದ ನೀರು ಜಾಸ್ತಿ. ಆ ನೀರೆಲ್ಲ ಹೊರಗೆ ಬಿದ್ದ ಮೇಲೆ ತಾನೇ ಬಿಸಿನೀರಿನ ಸರದಿ? ಮಂಗಳವಾರ ಹಳೆ ಪೈಪನ್ನು ಕಿತ್ತು ಹಾಕಿದ. ಬಿಸಿನೀರಿಗೆಂದೇ ಬರುವ ಅರ್ಧ ಇಂಚಿನ ಹಾಲುಬಣ್ಣದ ಪೈಪು ತಂದು, ಟಾಕಿಯಿಂದ ಬಚ್ಚಲಿಗೆ ನೇರವಾಗಿ ಎಳೆದ. ಎಪ್ಪತ್ತು ಅಡಿ ನಲವತ್ತೈದಕ್ಕೆ ಇಳಿಯಿತು. ಇನ್ನು ಉಳಿದದ್ದು ಪೈಪಿಗೆ ಕಂಬಳಿ. ಅದಕ್ಕೆಂದೇ ಕರಿಯ ಫೋಮಿನ ಕೊಳವೆ ಸಿಗುತ್ತದೆ, ಸೀಳಿ ಪೈಪಿಗೆ ತೊಡಿಸಿದರೆ ಆಯಿತು. ಹೊನ್ನಾವರದಲ್ಲಿ ಕೇಳಿದ, ಕುಮಟೆಗೆ ಫೋನು ಮಾಡಿದ, ಭಟ್ಕಳಕ್ಕೂ ಮಾಡಿದ. ಎಲ್ಲರದ್ದೂ ಒಂದೇ ಉತ್ತರ: "ಹುಬ್ಬಳ್ಳಿಯಿಂದ ಬರ್ಬೇಕು. ಎಂಟು ದಿನ."

ಶ್ರಾದ್ಧಕ್ಕೆ ಎರಡೇ ದಿನವಿತ್ತು.

ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದರೆ ಅವನ ತಾಯಿ ಕಮಲಿ ಜಗಲಿಯಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ತೂತು ಹೆಣೆಯುತ್ತಿದ್ದಳು. ಕಾಸರಕೋಡಿನಲ್ಲಿ ಬಲೆಯ ಗಂಟೆಂದರೆ ಕಮಲಿ, ಕಮಲಿ ಎಂದರೆ ಗಂಟು. ಅವಳ ಬೆನ್ನಿಗೆ ಒರಗಲು ಮೀನು ತುಂಬುವ ಒಡೆದ ಥರ್ಮಾಕೋಲಿನ ಪೆಟ್ಟಿಗೆಗಳ ರಾಶಿ. ಸುಧಾಕರ ಪೆಟ್ಟಿಗೆ ನೋಡಿದ. ಬಲೆ ನೋಡಿದ. ಮತ್ತೆ ಪೆಟ್ಟಿಗೆ ನೋಡಿದ.

"ಆಯಿ, ಐಸನ್ನ ಹತ್ತು ದಿನ ಕಾದದ್ದು ಬಿಸಿನೀರನ್ನ ಒಂದ್ ರಾತ್ರಿ ಕಾಯೂದಿಲ್ವ?"

ಕಮಲಿ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಕಾಯ್ದೆ ಎಂತ? ಕೋಳಿ ಕಾದ ನಾಯಿ ಹಟ್ಟಿನೂ ಕಾಯ್ತದೆ. ಎಂತಕೆ, ಯಾರ ಮನೆಗೆ?"

"ಹೆಗಡೇರ ಮನೆಗೆ."

"ಹೆಗಡೇರ ಮನೆಗೆ ಮೀನಿನ ಪೆಟ್ಗೆಯಾ?"

"ತೊಳದ್ರೆ ಆತು. ಯಾರಿಗೆ ಗೊತ್ತಾಗ್ತದೆ?"

ಬುಧವಾರ ಬೆಳಿಗ್ಗೆ ತಾಯಿ ಮಗ ಸೇರಿ ತೊಳೆದರು ನೋಡಿ, ಹಾಗೆ ತೊಳೆದವರನ್ನು ಕಾಸರಕೋಡು ಕಂಡಿರಲಿಲ್ಲ. ಥರ್ಮಾಕೋಲನ್ನು ಸೋಪಿನ ಪುಡಿಯಲ್ಲಿ ತಿಕ್ಕಿದರು, ನಿಂಬೆಹುಳಿ ಹಾಕಿ ತಿಕ್ಕಿದರು. ಹಳೆಯ ನೈಲಾನ್ ಬಲೆಯನ್ನು ಮೂರು ಸಲ ಹಿಂಡಿ ಒಣಹಾಕಿದರು. ಕಡೆಗೆ ಸುಧಾಕರ ಒಂದು ತುಂಡನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದ.

"ಎಂತಾರೂ ಬತ್ತದ್ಯಾ?" ಎಂದಳು ಕಮಲಿ.

"ಎಂತ ಇಲ್ಲ. ನೀ ನೋಡು."

ಕಮಲಿಯೂ ಮೂಸಿದಳು. "ಚೊಕ್ಕ. ಗಂಧದ ಹಾಂಗೆ ಅದೆ."

ಪರೀಕ್ಷೆ ಮುಗಿಯಿತು. ಇಬ್ಬರೂ ಪಾಸು. ಪರೀಕ್ಷೆ ಮಾಡಿದ ಎರಡು ಮೂಗುಗಳನ್ನು ಪರೀಕ್ಷೆ ಮಾಡಲು ಮೂರನೆಯವರು ಯಾರೂ ಅಲ್ಲಿರಲಿಲ್ಲ.

ಸಂಜೆಯ ಹೊತ್ತಿಗೆ ಹೆಗಡೆಯವರ ಮಾಳಿಗೆಯ ಮೇಲೆ ಕೆಲಸ ಮುಗಿಯಿತು. ಪೈಪಿನ ಬಿಸಿ ನೇರ ತಾಗಿ ಥರ್ಮಾಕೋಲು ಮುದುಡಬಾರದೆಂದು ಸುಧಾಕರ ಮೊದಲು ತೆಂಗಿನ ನಾರು ಸುತ್ತಿದ. ಅದರ ಮೇಲೆ ಥರ್ಮಾಕೋಲಿನ ಪಟ್ಟಿಗಳನ್ನು ಸುತ್ತಲೂ ಹೊಂದಿಸಿದ. ಅದರ ಮೇಲೆ ಕಮಲಿ ಬಲೆ ಹೊದೆಸಿ, ಒಂದೇ ಹಗ್ಗದಲ್ಲಿ ಬಚ್ಚಲಿನಿಂದ ಟಾಕಿಯವರೆಗೆ ಕುಣಿಕೆಗೆ ಕುಣಿಕೆ ಪೋಣಿಸುತ್ತಾ ಬಂದಳು. ಎಷ್ಟು ಜಗ್ಗಿದರೂ ಅಲುಗದ ಬಿಗಿ. ಆದರೆ ಕೊನೆಯ ತುದಿಯೊಂದನ್ನು ಹಿಡಿದು ಎಳೆದರೆ ಸಾಕು, ನಲವತ್ತೈದು ಅಡಿಯೂ ಸರಸರ ಬಿಚ್ಚಿಕೊಳ್ಳುತ್ತದೆ.

"ಬಿಚ್ಚೂ ಹಾಂಗೆ ಎಂತಕೆ ಕಟ್ದೆ ಆಯಿ?"

"ಕಟ್ಟೂ ಮೊದ್ಲೇ ಬಿಚ್ಚೂದು ಕಲೀಬೇಕು. ಕಡಲಲ್ಲಿ ಒಂದೊಂದೇ ಗಂಟು ಬಿಚ್ತಾ ಕೂತ್ರೆ ಬೋಟು ಮುಳ್ಗಿ ಹೋಗ್ತದೆ."

ಹೆಗಡೆಯವರು ಹತ್ತಿ ಬಂದು ನೋಡಿ, "ಇದೆಂತದೋ ಹೆಬ್ಬಾವು ಹಿಡ್ದು ಕಟ್ಟಿಟ್ಟ ಹಾಂಗೆ ಅದ್ಯಲೋ" ಎಂದರು. ಆಮೇಲೆ ಮೂಗರಳಿಸಿ, "ಇವತ್ತು ಬಂದರಿನ ಗಾಳಿ ಜೋರು" ಎಂದು ಪಂಚೆಯ ಚುಂಗು ಮೂಗಿಗೆ ಹಿಡಿದು ಇಳಿದು ಹೋದರು. ಸುಧಾಕರ ಗಾಳಿಯತ್ತ ಮುಖ ಮಾಡಿ ನೋಡಿದ. ಗಾಳಿ ಎಲ್ಲಿತ್ತು? ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಸುಸ್ತಾಗಿತ್ತು, ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಗುರುವಾರ ನಸುಕಿಗೇ ಬರಬೇಕು, ಹನ್ನೊಂದೂ ಜನ ಮಿಂದು ಮುಗಿಯುವ ತನಕ ಇರಬೇಕು ಎಂದು ಪರಮೇಶ್ವರಿಯವರ ಅಪ್ಪಣೆಯಾಗಿತ್ತು. ಸುಧಾಕರ ಬಚ್ಚಲ ಹೊರಗೋಡೆಗೆ ಕಿವಿ ಕೊಟ್ಟು ನಿಂತ. ಮೊದಲು ಹೊಕ್ಕವರು ಹೆಗಡೆಯವರೇ. ನಳ ಕಿರ್ರೆಂದಿತು.

"ಒಂದು... ಎರಡು... ಮೂರು..."

ಗೋಡೆಯ ಹೊರಗೆ ಸುಧಾಕರನ ತುಟಿಯೂ ಎಣಿಸುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಪರಮೇಶ್ವರಿಯವರದೂ.

"ಎಂಟು... ಒಂಬತ್ತು..." ಎಣಿಕೆ ನಿಧಾನವಾಯಿತು. "ಹತ್ತು... ಹನ್ನೊಂದು... ಹನ್... ಆಯ್ಯಯ್ಯಪ್ಪಾ! ಸುಟ್ಟತ್ತು, ಸುಟ್ಟತ್ತು!"

ಸುಧಾಕರನಿಗೆ ಆ ಚೀರಾಟ ಸುಪ್ರಭಾತದಂತೆ ಕೇಳಿಸಿತು. ಪರಮೇಶ್ವರಿಯವರು ಸೌಟನ್ನು ಗದೆಯಂತೆ ಹೆಗಲಿಗೇರಿಸಿಕೊಂಡು ಒಳಗೆ ನಡೆದರು. ಹನ್ನೊಂದು ಜನ ಒಬ್ಬರ ಹಿಂದೊಬ್ಬರು ಮಿಂದರು. ಶ್ರಾದ್ಧ ಮಾಡಿಸಲು ಬಂದ ಭಟ್ಟರಂತೂ ಎರಡು ಬಕೆಟ್ ಹೊಯ್ದುಕೊಂಡು ಕೆಂಪಗಾಗಿ ಹೊರಬಂದರು. ವಿನಾಯಕ ತಲೆ ಒರೆಸಿಕೊಳ್ಳುತ್ತಾ ಬಂದು, "ಆತು ಸುಧಾಕರ. ಸೋಮವಾರ ಅಪ್ಸರಕೊಂಡಕ್ಕೆ ಬಾ, ಕೋಣೆ ತೋರಿಸ್ತೆ" ಎಂದುಬಿಟ್ಟ.

ಅಲ್ಲಿಗೆ ಸುಧಾಕರ ಸ್ಕೂಟರು ಹತ್ತಿ ಹೊರಟಿದ್ದರೆ ಈ ಕಥೆಯೇ ಇಲ್ಲ. ಆದರೆ ಪರಮೇಶ್ವರಿಯವರು, "ಊಟ ಮಾಡ್ಕಂಡೇ ಹೋಗ್ಬೇಕು. ಸುಟ್ಟೇವು ಅದೆ, ವಡೆ ಅದೆ" ಎಂದರು. ಶ್ರಾದ್ಧದ ಸುಟ್ಟೇವು ಎಂದರೆ ಬಾಯಿಗಿಟ್ಟರೆ ಕರಗುವ ಸಿಹಿ. ಯಾರು ಬಿಟ್ಟು ಹೋಗುತ್ತಾರೆ? ಸುಧಾಕರ ಹಿತ್ತಲ ಕಟ್ಟೆಯ ಮೇಲೆ ಕೂತ.

ಸೂರ್ಯ ನೆತ್ತಿಗೆ ಬಂದ. ಮಾಳಿಗೆಯ ಕಾಂಕ್ರೀಟು ಕಾಯಿತು. ಒಳಗೆ ಬಿಸಿನೀರು, ಹೊರಗೆ ಬಿಸಿಲು, ನಡುವೆ ಮೀನಿನ ಪೆಟ್ಟಿಗೆ. ಥರ್ಮಾಕೋಲು ತನ್ನ ಹಳೆಯ ನೆನಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿತು. ಬಂಗುಡೆ, ತಾರ್ಲೆ, ಶೆಟ್ಲಿ.

ಮಧ್ಯಾಹ್ನ ಒಂದರ ಹೊತ್ತಿಗೆ ಹೆಗಡೆಯವರು ಬಾಳೆ ಎಲೆಯಲ್ಲಿ ಪಿಂಡ ತಂದು ಅಂಗಳದ ತುದಿಯ ಕಲ್ಲಿನ ಮೇಲಿಟ್ಟರು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ತೀರಿಹೋದವರಿಗೆ ತೃಪ್ತಿಯಾಯಿತೆಂದು ಅರ್ಥ. ಆಮೇಲೆಯೇ ಉಳಿದವರಿಗೆ ಊಟ. ಹೆಗಡೆಯವರು ಹಿಂದೆ ಸರಿದು ಚಪ್ಪಾಳೆ ತಟ್ಟಿದರು. "ಕಾ... ಕಾ..."

ಕಾಗೆಗಳು ಬಂದವು. ಒಂದಲ್ಲ, ಎರಡಲ್ಲ. ನಲವತ್ತು ಐವತ್ತು ಕಾಗೆಗಳು ಬಂದರಿನ ದಿಕ್ಕಿನಿಂದ ಕಪ್ಪು ಮೋಡದಂತೆ ಬಂದವು. ನೆಂಟರೆಲ್ಲ ಕೈ ಮುಗಿದರು. ಕಾಗೆಗಳು ಪಿಂಡದ ಮೇಲಿನಿಂದ ಹಾದು, ಅತ್ತ ಕಣ್ಣೂ ಹಾಯಿಸದೆ, ನೇರ ಮಾಳಿಗೆಗೆ ಹೋಗಿ ಕೂತವು.

"ಅರೇ" ಎಂದರು ಭಟ್ಟರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಮಾಳಿಗೆಯ ಮೇಲೆ ಕಾಗೆಗಳ ಜಾತ್ರೆ, ಕೆಳಗೆ ಪಿಂಡ ಒಂಟಿ. "ಹೊತ್ತಾತು. ದನಕ್ಕೆ ಕೊಟ್ಟು ಮುಗಿಸ್ಲಕ್ಕು" ಎಂದರು ಭಟ್ಟರು. ಅವರ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಇಲ್ಲೆ!" ಹೆಗಡೆಯವರ ಮುಖ ಬಿಳಿಚಿತ್ತು. "ಕಾಗೆಯಾಗಿ ಅಪ್ಪಯ್ಯ ಬೈಂದ. ಬಂದು ಮನೆ ಮೇಲೇ ಕೂತಿದ್ದ. ಎಂತದಕ್ಕೋ ಸಿಟ್ಟು ಬೈಂದು, ಇಳಿತಾ ಇಲ್ಲೆ."

ಹೀಗಾದಾಗ ಮಾಡುವುದೇನೆಂದು ಎಲ್ಲರಿಗೂ ಗೊತ್ತು. ಹೋದವರಿಗೆ ಎಂತದೋ ಆಸೆ ಉಳಿದಿದೆ. ಅದನ್ನು ಊಹಿಸಿ, ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತು ಕೊಡಬೇಕು. ಸರಿಯಾದ ಮಾತು ಬಂದ ಕೂಡಲೇ ಕಾಗೆ ಮುಟ್ಟುತ್ತದೆ. ಹಾಗಾಗಿ ಒಬ್ಬೊಬ್ಬರೇ ಮುಂದೆ ಬಂದರು. ಹೆಗಡೆಯವರ ತಂಗಿ ಧಾರೇಶ್ವರಕ್ಕೆ ಹೋಗಿ ಪೂಜೆ ಕೊಡುತ್ತೇನೆ ಎಂದಳು. ಕಾಗೆ ಅಲುಗಲಿಲ್ಲ. ವಿನಾಯಕ ಮುಂದೆ ಬಂದು, ಸಿಗರೇಟು ಬಿಡುತ್ತೇನೆ ಎಂದ. ಕಾಗೆ ಅಲುಗಲಿಲ್ಲ. ಅವನು ಸಿಗರೇಟು ಸೇದುತ್ತಾನೆಂದು ಗೊತ್ತಾಗಿ ಅವನ ತಾಯಿ ಮಾತ್ರ ಗಟ್ಟಿಯಾಗಿ ಅಲುಗಿದಳು.

ಹಿತ್ತಲಲ್ಲಿದ್ದ ಸುಧಾಕರ ಏನು ಗಲಾಟೆ ಎಂದು ಕತ್ತೆತ್ತಿ ಮಾಳಿಗೆ ನೋಡಿದ. ಕಾಗೆಗಳು ಸಾಲಾಗಿ, ಟಾಕಿಯಿಂದ ಬಚ್ಚಲಿನವರೆಗೆ, ಅಳತೆ ಹಿಡಿದಂತೆ ನಲವತ್ತೈದು ಅಡಿ ಉದ್ದಕ್ಕೆ ಕೂತಿದ್ದವು. ಬಲೆಯ ಕಣ್ಣೊಳಗೆ ಕೊಕ್ಕು ತೂರಿಸಿ ಜಗ್ಗುತ್ತಿದ್ದವು. ಬೋಟು ದಡಕ್ಕೆ ಬಂದಾಗ ಕಾಗೆಗಳು ಹೀಗೆಯೇ ಕೂರುವುದನ್ನು ಅವನು ಏಳು ವರ್ಷ ನೋಡಿದ್ದ. ಮೂಗಿಗೆ ಬಾರದ್ದು ಕಣ್ಣಿಗೆ ಬಂತು.

ಅಷ್ಟರಲ್ಲಿ ಅಂಗಳದಲ್ಲಿ ಹೆಗಡೆಯವರ ದನಿ ಏರಿತು. "ಗೊತ್ತಾತು! ಅಪ್ಪಯ್ಯ ಆ ಪೈಪಿನ ಮೇಲೇ ಎಂತಕೆ ಕೂತಿದ್ದ? ಎಂಬತ್ತೆಂಟು ವರ್ಷ ಹಂಡೆ ನೀರು ಮಿಂದವ. ನಾವು ಹಂಡೆ ತೆಗದು ಹೊರಗೆ ಹಾಕಿದ್ದೇ ತಪ್ಪು. ಆ ಪೈಪು ಕೀಳ್ಸಿ ಹಂಡೆ ಕೂರಿಸ್ತಿ ಹೇಳಿ ಮಾತು ಕೊಡವು. ತಡಿ, ಕೈಕಾಲು ತೊಳ್ಕಂಡು ಬಂದು ಕೊಡ್ತೆ." ಎಂದವರೇ ಬಾವಿಕಟ್ಟೆಗೆ ನಡೆದರು.

ಸುಧಾಕರ ಲೆಕ್ಕ ಹಾಕಿದ. ಮಾಳಿಗೆಯಿಂದ ಬಲೆ ಕೆಳಗಿಳಿಸಿದರೆ ಕಾಗೆಗಳು ಚದುರಿ ಅಂಗಳಕ್ಕೆ ಬರುತ್ತವೆ, ಅನುಮಾನವಿಲ್ಲ. ಆದರೆ ಹೆಗಡೆಯವರು ಹಂಡೆಯ ಮಾತು ಕೊಟ್ಟ ಮೇಲೆ ಒಂದೇ ಒಂದು ಕಾಗೆ ಪಿಂಡ ಮುಟ್ಟಿದರೂ ಮುಗಿಯಿತು. ಸತ್ತವರೇ ಸಹಿ ಹಾಕಿದ ಹಾಗೆ. ಹನ್ನೆರಡು ಕೋಣೆಯೂ ಹೋಯಿತು, ಬಿಸಿನೀರೂ ಹೋಯಿತು, ಜೀವಮಾನವಿಡೀ ಐಸ್ ಸುಧಾಕರ. ಇನ್ನು ಸುಮ್ಮನಿದ್ದರೂ ಅದೇ ಗತಿ. ಉಳಿದದ್ದು ಒಂದೇ ದಾರಿ. ಅವನು ಅಡುಗೆಮನೆಯ ಹಿಂಬಾಗಿಲಿಗೆ ಓಡಿದ.

"ಅಮ್ಮಾ!"

ಪರಮೇಶ್ವರಿಯವರು ಒಬ್ಬರೇ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒಲೆಯ ಹೊಗೆ ಈಗಲೇ ತಾಗಿದ ಹಾಗೆ.

"ಅಮ್ಮಾ, ಅದು ಅಪ್ಪಯ್ಯನ ಸಿಟ್ಟಲ್ಲ. ನನ್ನ ತಪ್ಪು. ಪೈಪಿಗೆ ಸುತ್ತಿದ್ದು ಮೀನಿನ ಪೆಟ್ಗೆ ಥರ್ಮಾಕೋಲು. ಬಲೆನೂ ಹಳೇದೇ. ಮೂರ್ ಸಲ ತೊಳದೆ, ದೇವ್ರಾಣೆ. ನಂಗೆ ವಾಸನೆ ಬರ್ಲಿಲ್ಲ. ಕಾಗೆಗೆ ಬಂತು." ಹೇಳಿ ತಲೆ ತಗ್ಗಿಸಿದ. ಈ ಮನೆಯ ನಳದ ಒಂದು ತಿರುಪನ್ನೂ ಇನ್ನು ಮುಟ್ಟಲು ಬಿಡುವುದಿಲ್ಲ ಎಂದುಕೊಂಡ.

ಪರಮೇಶ್ವರಿಯವರು ಕಣ್ಣೊರೆಸುವುದನ್ನು ನಿಲ್ಲಿಸಿದರು.

"ಅದಾ ಮತ್ತೆ!" ಎಂದರು. "ಬೆಳಿಗ್ಗೆಯಿಂದ ನಾನೂ ನೋಡ್ತಾ ಇದ್ದೆ, ಗಾಳಿ ಇಲ್ದೆ ಬಂದರಿನ ವಾಸ್ನೆ ಹೇಂಗೆ ಮನೆಗೆ ಬಂತು ಹೇಳಿ." ಆಮೇಲೆ ಅವರ ಮುಖದಲ್ಲಿ ಲೆಕ್ಕ ಓಡಿತು. "ಮೀನಿನ ಸಾಮಾನು ನೀರಿಗೆ ತಾಗಿತ್ತಾ?"

"ಇಲ್ಲಮ್ಮ. ನೀರು ಪೈಪಿನೊಳಗೆ, ಪೆಟ್ಗೆ ಹೊರಗೆ. ನಡುವೆ ತೆಂಗಿನ ನಾರು."

"ಹಾಂಗಾರೆ ಆತು. ಶರಾವತಿ ನೀರೊಳಗೇ ಮೀನದೆ, ಭಟ್ರು ಅದ್ರಲ್ಲೇ ಮೀಯ್ತ್ರು. ಇದು ಹೊರಗಿತ್ತಲ." ಪ್ರಾಯಶ್ಚಿತ್ತದ ವಿಚಾರ ಅಲ್ಲಿಗೆ ತೀರ್ಮಾನವಾಯಿತು. "ಬಿಚ್ಚೂಕೆ ಎಷ್ಟೊತ್ತು ಬೇಕು?"

"ಒಂದು ತುದಿ ಎಳದ್ರೆ ಸಾಕು. ಆಯಿ ಕಟ್ಟಿದ ಗಂಟು."

"ಹತ್ತಿ ಕೂತ್ಕ. ನಾ ಕೈ ಮುಗದು ನಿಂತು ಮಾತಾಡ್ತೆ. ಸೆರಗು ಹೊದ್ದ ಕೂಡ್ಲೇ ಎಳಿ."

ಹೆಗಡೆಯವರು ಕೈಕಾಲು ತೊಳೆದು, ಪಂಚೆ ಸರಿಮಾಡಿಕೊಂಡು ಅಂಗಳಕ್ಕೆ ಬಂದು ಬಾಯಿ ತೆರೆಯುವಷ್ಟರಲ್ಲಿ ಪರಮೇಶ್ವರಿಯವರು ಅವರನ್ನು ದಾಟಿ ಪಿಂಡದ ಮುಂದೆ ನಿಂತಿದ್ದರು.

"ತಡೀರಿ. ಸೊಸೆ ನಾನು. ಅವ್ರಿಗೆ ನೀರು ಕಾಸಿ ಕೊಟ್ಟವ್ಳು ನಾನು. ಮೊದ್ಲು ನಾ ಕೇಳ್ತೆ." ಕೈ ಮುಗಿದು ದೊಡ್ಡ ದನಿಯಲ್ಲಿ ಶುರುಮಾಡಿದರು. "ಮಾವಯ್ಯಾ! ನನ್ನ ಕೆಮ್ಮು ನಿಮಗೆ ಗೊತ್ತಿದ್ದು. ಒಲೆ ಊದೂದು ಸಾಕು, ನಳದ ಬಿಸಿನೀರೇ ಈ ಮನೇಲಿ ಇನ್ನು ಮುಂದೆ ಇರ್ಲಿ ಹೇಳಿ ನಿಮ್ಮ ಮನಸಲ್ಲೂ ಇದ್ರೆ, ಈಗ್ಲೇ ಬಂದು ಮುಟ್ಟಿ!"

ಹೇಳಿ, ಸೆರಗನ್ನು ನಿಧಾನವಾಗಿ ಹೆಗಲಿಗೆ ಹೊದ್ದುಕೊಂಡರು.

ಮಾಳಿಗೆಯ ಮೇಲೆ ಟಾಕಿಯ ಹಿಂದೆ ಅವಿತು ಕೂತ ಸುಧಾಕರ ಹಗ್ಗದ ತುದಿ ಹಿಡಿದು ಜಗ್ಗಿದ. ಕಮಲಿಯ ಕುಣಿಕೆಗಳು ಸರ್ರೆಂದು ಬಿಚ್ಚಿಕೊಂಡವು. ಕಾಗೆಗಳೆಲ್ಲ ಒಮ್ಮೆಲೇ "ಕಾ" ಎಂದು ಎದ್ದವು. ಸುಧಾಕರ ಬಲೆ, ಥರ್ಮಾಕೋಲು ಎಲ್ಲವನ್ನೂ ಒಟ್ಟಿಗೆ ಬಾಚಿ ಅಪ್ಪಿಕೊಂಡು, ಜೊತೆಗೆ ತಂದಿದ್ದ ಗೋಣಿಚೀಲದೊಳಗೆ ತುರುಕಿ, ಅದರ ಮೇಲೆ ತಾನೇ ಕೂತುಬಿಟ್ಟ. ಕಾಗೆಗಳು ಒಂದು ಸುತ್ತು ಹಾಕಿದವು. ಎರಡು ಸುತ್ತು ಹಾಕಿದವು. ಕೆಳಗೆ ಅಂಗಳದಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದು ಕತ್ತೆತ್ತಿದ್ದರು. ಮೇಲೆ ಚೀಲದ ಮೇಲೆ ಕೂತ ಸುಧಾಕರ ಕಣ್ಣು ಮುಚ್ಚಿ ಎಣಿಸುತ್ತಿದ್ದ. ಒಂಬತ್ತು... ಹತ್ತು... 'ಮುಟ್ರೋ, ಮುಟ್ರೋ, ನಿಮ್ಮ ಕಾಲಿಗೆ ಬೀಳ್ತೆ.' ಹನ್ನೊಂದು... ಹನ್ನೆರಡು...

ಹನ್ನೆರಡಕ್ಕೆ ಒಂದು ಮುದಿ ಕಾಗೆ, ಮೀನಂತೂ ಹೋಯಿತು ಅನ್ನವಾದರೂ ಸಿಗಲಿ ಎಂಬಂತೆ, ಅಂಗಳದ ಕಲ್ಲಿನ ಮೇಲೆ ಇಳಿದು ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಹಿಂದೆ ನಲವತ್ತೂ ಇಳಿದವು.

"ಅಪ್ಪಯ್ಯಾ!" ಎಂದು ಹೆಗಡೆಯವರು ಅಲ್ಲೇ ಉದ್ದಂಡ ನಮಸ್ಕಾರ ಹಾಕಿದರು. "ಒಪ್ಪಿದ! ನಳದ ನೀರೇ ಸೈ ಹೇಳಿದ!" ಭಟ್ಟರು, "ಸರಿ ಸರಿ, ಎಲೆ ಹಾಕಿ" ಎಂದರು.

ಊಟವಾದ ಮೇಲೆ ಹೆಗಡೆಯವರು ಮಾಳಿಗೆ ಹತ್ತಿದರು. ಪೈಪಿನ ಮೇಲೆ ಬರೀ ತೆಂಗಿನ ನಾರು ನೋಡಿ, "ಬಲೆ ಎಂತಕೆ ತೆಗದ್ಯೋ?" ಎಂದು ಕಂಗಾಲಾದರು. "ಅಪ್ಪಯ್ಯ ಅರ್ಧ ಗಂಟೆ ಕೂತ ಜಾಗ ಅದು!"

ಸುಧಾಕರ ಬಗ್ಗಿ ಪೈಪಿನ ನಾರು ಸರಿಮಾಡತೊಡಗಿದ.

"ಕಾಕೆ ಕಾಲು ಬಲೆಗೆ ಸಿಕ್ಕಿ ಬಿದ್ರೆ ಎಂತ ಗತಿ?" ಎಂದು ಕೆಳಗಿನಿಂದ ಪರಮೇಶ್ವರಿಯವರ ದನಿ ಬಂತು. "ಮಾವಯ್ಯಂಗೆ ಕಾಲು ನೋವು ಮೊದ್ಲಿಂದ್ಲೂ ಇತ್ತು. ಹುಬ್ಬಳ್ಳಿಯಿಂದ ಕರಿ ಫೋಮು ಬಪ್ಪ ತನಕ ಹಾಂಗೇ ಇರ್ಲಿ."

ಫೋಮು ಹೇಳಿದ ಹಾಗೆ ಎಂಟನೇ ದಿನ ಬಂತು. ಸುಧಾಕರ ಅದನ್ನು ಚೆಂದ ಮಾಡಿ ತೊಡಿಸಿದ. ಈಗಲೂ ಆ ಮನೆಯಲ್ಲಿ ಹದಿಮೂರಕ್ಕೋ ಹದಿನಾಲ್ಕಕ್ಕೋ ಬಿಸಿನೀರು ಬರುತ್ತದೆ. ಹಂಡೆಯನ್ನು ಪರಮೇಶ್ವರಿಯವರು ಹುಣಸೆಹುಳಿಯಲ್ಲಿ ತಿಕ್ಕಿ ಫಳಫಳ ಮಾಡಿ, ಅದರಲ್ಲಿ ಕರಿಬೇವಿನ ಗಿಡ ನೆಟ್ಟಿದ್ದಾರೆ. ಅಪ್ಸರಕೊಂಡದ ಹನ್ನೆರಡೂ ಕೋಣೆಯ ಕೆಲಸ ಸುಧಾಕರನಿಗೇ ಬಂತು. ಆದರೆ ವಿನಾಯಕ ಒಂದು ಷರತ್ತು ಹಾಕಿದ: ಕರಿ ಫೋಮಿನ ಮೇಲೆ ಶ್ರಾದ್ಧದ ದಿನ ದೊಡ್ಡಪ್ಪನ ಮನೆಯಲ್ಲಿ ಇದ್ದ ಹಾಗೆ ಬಲೆಯೂ ಬೇಕು. ಬಂದ ಪ್ರವಾಸಿಗರು ಫೋಟೋ ಹೊಡೆಯುತ್ತಾರೆ, ಮೇಲಾಗಿ ಹಿರಿಯರು ಕೂತು ಒಪ್ಪಿದ ಬಲೆ.

ಪರಮೇಶ್ವರಿಯವರು ಫೋನು ಮಾಡಿ ಒಂದೇ ಮಾತು ಹೇಳಿದರು: "ಹೊಸ ಬಲೆ. ಕಡಲು ಕಾಣದ್ದು."

ಸುಧಾಕರ ಅಂಗಡಿಯಿಂದ ಕಟ್ಟು ಒಡೆಯದ ಹೊಸ ನೈಲಾನ್ ಬಲೆ ತಂದು ತಾಯಿಯ ಮುಂದೆ ಹಾಕಿದ. ಕಮಲಿ ಕಟ್ಟು ಬಿಚ್ಚಿದಳು. ಒಂದು ಮಡಿಕೆ ಬಿಡಿಸಿ, ತಟ್ಟನೆ ಸೆರಗು ತೆಗೆದು ಮೂಗಿಗೆ ಒತ್ತಿಕೊಂಡಳು.

"ಇಶ್ಶೀ! ಇದೆಂತ ವಾಸ್ನೆಯಾ ಸುಧಾಕರಾ? ಇದನ್ನ ಜನ ಇರೂ ಮನೆ ಮೇಲೆ ಹಾಕ್ತ್ಯಾ? ತೊಳದಾದ್ರೂ ಹಾಕು ಮಾರಾಯಾ!"